ಕಾಲು ನೆಲಕ್ಕೆ ತಾಗದಂತೆ

ನಾನು ಶಾಲೆ ಬಿಟ್ಟದ್ದು ೧೯೮೩ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ನಮ್ಮ ಉಡುಪಿ ಕಡೆಯ ಹುಡುಗರು ಬೊಂಬಾಯಿಗೆ ಹೋಗುವುದು ರೂಢಿ. ನನ್ನ ಸೋದರಮಾವನ ಹೋಟೆಲು ಕಲ್ಕತ್ತೆಯಲ್ಲಿತ್ತು, ಹಾಗಾಗಿ ನಾನು ಈ ಕಡೆಯ ರೈಲು ಹತ್ತಿದೆ. ಆಮೇಲೆ ಕಲಿತದ್ದೆಲ್ಲ ನೋಡಿ ಕಲಿತದ್ದು. ದೋಸೆ ಹುಯ್ಯುವುದಾಗಲಿ, ಬಂಗಾಳಿಯಲ್ಲಿ ಜಗಳ ಮಾಡುವುದಾಗಲಿ, ಮಾವನಿಂದ ಬೇರೆಯಾಗಿ ಕಸ್ಬಾದಲ್ಲಿ ಸ್ವಂತ ಅಡುಗೆಮನೆ ಹಾಕಿ ಆಫೀಸುಗಳಿಗೆ ತಿಂಡಿ ಕಳಿಸುವುದಾಗಲಿ, ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ. ಇರಲಿ, ದುಡಿದವನಿಗೆ ಅಷ್ಟೂ ಇರಬಾರದೇ?

ಒಂದು ವಿದ್ಯೆಯನ್ನು ಮಾತ್ರ ಒಬ್ಬರ ಎದುರು ನಿಂತು, ಬೈಸಿಕೊಂಡು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ ಕಲಿತೆ. ಭಾರದ ಮೋಟಾರ್ ಸೈಕಲ್ಲನ್ನು ಮನುಷ್ಯ ನಡೆಯುವಷ್ಟು ನಿಧಾನವಾಗಿ, ಕಾಲು ನೆಲಕ್ಕೆ ಊರದೆ ಬಿಡುವ ವಿದ್ಯೆ. ಅದನ್ನು ಕಲಿಸಿದವರು ಹೋದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದದ್ದು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಇಲ್ಲಿನ ಕನ್ನಡಿಗರು ರಾಜ್ಯೋತ್ಸವದ ಆಮಂತ್ರಣದಲ್ಲಿ ಮುಖ್ಯ ಅತಿಥಿ ಎಂದು ಅವರ ಹೆಸರು ಹಾಕಿಸಿದ್ದರು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ಪಾರ್ಕ್ ಪ್ಲಗ್ ಒರೆಸಿದರು. "ಛಲೋ ಕಾಗದ ಐತಿ, ಎಣ್ಣಿ ಹೀರ್ತೈತಿ" ಎಂದರು. ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದರು.

ನಾವು ಅವರನ್ನು ಕರೆಯುತ್ತಿದ್ದದ್ದು ಸಾಹೇಬ್ರು ಎಂದು. ಸೈನ್ಯದಲ್ಲಿ ಮೋಟಾರ್ ಸೈಕಲ್ ಮೇಲೆ ಕಾಗದಪತ್ರ ಒಯ್ಯುವ ಕೆಲಸದಿಂದ ಶುರುಮಾಡಿ, ಕೊನೆಗೆ ಹೊಸ ಹುಡುಗರಿಗೆ ಸವಾರಿ ಕಲಿಸುವ ಕೆಲಸದಲ್ಲಿ ನಿವೃತ್ತರಾದವರು. ಸಾಲ್ಟ್ ಲೇಕ್‌ನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಅಂಥದೊಂದು ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿಯ ಮೇಲ್ವಿಚಾರಣೆಗೆ ಅವರಿದ್ದರು. ಅದೇ ಆಫೀಸಿಗೆ ಬೆಳಗಿನ ತಿಂಡಿ ನನ್ನದು.

ನಮ್ಮ ಪರಿಚಯವಾದದ್ದು ನಾನು ಬಿದ್ದದ್ದರಿಂದ. ಸರ್ಕಾರಿ ಹರಾಜಿನಲ್ಲಿ ತೆಗೆದುಕೊಂಡ ಹಳೇ ಬುಲೆಟ್ಟಿಗೆ ಎರಡೂ ಕಡೆ ಕಬ್ಬಿಣದ ಚೌಕಟ್ಟು ಕಟ್ಟಿಸಿ ಸಾಂಬಾರಿನ ದೊಡ್ಡ ಸ್ಟೀಲ್ ಡಬ್ಬಿಗಳನ್ನು ಹೇರಿಕೊಂಡು ಹೋಗುತ್ತಿದ್ದೆ. ಆ ದಿನ ಆಫೀಸಿನಲ್ಲಿ ಅರ್ಧ ಜನಕ್ಕೆ ರಜೆ, ಅರ್ಧ ಸಾಂಬಾರು ಸಾಕು ಎಂದಿದ್ದರು. ಚಿಕ್ಕ ಪಾತ್ರೆ ಒಯ್ಯಬಹುದಿತ್ತು. ಆದರೆ ನಮ್ಮ ಕಸುಬಿನಲ್ಲಿ ಒಂದು ಹಟ ಉಂಟು. ಚಿಕ್ಕ ಪಾತ್ರೆ ಹಿಡಿದು ಬಂದರೆ ವ್ಯಾಪಾರ ಇಳಿದಿದೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅದಕ್ಕೇ ದೊಡ್ಡ ಡಬ್ಬಿಗಳಲ್ಲೇ ಅರ್ಧರ್ಧ ತುಂಬಿಸಿ ಒಯ್ದೆ. ಭಾರ ಕಡಿಮೆಯಾಯಿತಲ್ಲ, ಇವತ್ತು ಸಲೀಸು ಎಂದೇ ಅಂದುಕೊಂಡಿದ್ದೆ. ಗೇಟಿನ ಒಳಗೆ ಹೂಕುಂಡಗಳ ನಡುವೆ ತಿರುಗಿಸುವಾಗ ಒಳಗಿನ ಸಾಂಬಾರು ಒಂದೇ ಸಲ ಒಂದು ಮಗ್ಗುಲಿಗೆ ಬಂತು. ಗಾಡಿಯೂ ಅದರ ಹಿಂದೆಯೇ ಹೋಯಿತು.

ಕಾವಲಿನ ಹುಡುಗರು ಓಡಿ ಬಂದು ನನ್ನನ್ನು ಎಬ್ಬಿಸಿದರು. ಇವರು ನಿಂತಲ್ಲಿಂದ ಕದಲಲಿಲ್ಲ. ಬೆನ್ನ ಹಿಂದೆ ಕೈಕಟ್ಟಿ, ಹರಿಯುತ್ತಿದ್ದ ಸಾಂಬಾರನ್ನು ನೋಡಿ, "ಡಬ್ಬಿ ತುಂಬ ತಂದಿದ್ರ ಬೀಳ್ತಿದ್ದಿಲ್ಲ ನೋಡ್, ತಮ್ಮಾ" ಎಂದರು.

ಕಲ್ಕತ್ತೆಯ ಗೇಟಿನಲ್ಲಿ ಧಾರವಾಡದ ಮಾತು! ಆದರೆ ನನಗೆ ಆಗ ಸಿಟ್ಟು ಬಂದಿತ್ತು. "ಬಿದ್ದವನಿಗೆ ಲೆಕ್ಕ ಹೇಳ್ಬೇಡಿ ಮಾರಾಯ್ರೆ" ಎಂದೆ.

"ಲೆಕ್ಕ ಅಲ್ಲಪಾ. ಮುಂದಿನ ಹೂವಿನ ಕುಂಡ ನೋಡಾಕತ್ತಿದ್ದಿ ನೀ, ಅದಕ್ಕ ಸೀದಾ ಕುಂಡಕ್ಕ ಹೋದಿ. ಕಣ್ಣು ಎಲ್ಲೋ, ಗಾಡಿ ಅಲ್ಲೇ. ಐತವಾರ ಬಾ, ಕಲಸ್ತೀನಿ. ಸಾಂಬಾರ್ ತರಬ್ಯಾಡ."

ನಾನು ಹೋಗಬಾರದು ಎಂದೇ ಇದ್ದೆ. ಇಷ್ಟು ವರ್ಷ ಗಾಡಿ ಬಿಟ್ಟವನಿಗೆ ಇನ್ನೊಬ್ಬ ಕಲಿಸುವುದೇನು? ಆದರೂ ಭಾನುವಾರ ಬೆಳಿಗ್ಗೆ ಹೋದೆ.

ಅವರ ಮೈದಾನ ಎಂದರೆ ಆ ಆಫೀಸಿನಿಂದ ಸ್ವಲ್ಪ ಮುಂದೆ, ಕಾಂಕ್ರೀಟು ಹಾಕಿ ಬಿಟ್ಟಿದ್ದ ಒಂದು ಖಾಲಿ ಜಾಗ. ಕಟ್ಟಡ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಸುತ್ತ ಜೊಂಡು ಹುಲ್ಲು, ಆಚೆಗೆ ಕೆರೆಯ ನೀರು, ಅದರಾಚೆ ಏಳುತ್ತಿದ್ದ ಗಾಜಿನ ಗೋಡೆಗಳು. ಚಹಾ ಕುಡಿದು ಬಿಸಾಡುವ ಮಣ್ಣಿನ ಕುಡಿಕೆಗಳನ್ನು, ಇಲ್ಲಿಯವರು ಭಾಂಡ್ ಎನ್ನುವುದನ್ನು, ವಾರವಿಡೀ ಕೂಡಿಸಿ ಚೀಲದಲ್ಲಿ ತರುತ್ತಿದ್ದರು. ಅವನ್ನು ಬೋರಲು ಹಾಕಿ ಎಂಟರ ಅಂಕಿಯ ಹಾಗೆ ಎರಡು ಸುತ್ತು ಜೋಡಿಸುವರು. ಅದರೊಳಗೇ ಗಾಡಿ ತಿರುಗಬೇಕು. ಚಕ್ರ ತಾಗಿದರೆ ಚಟ್ ಎಂದು ಒಡೆಯುತ್ತಿತ್ತು. "ಇದು ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದರು.

ಮೊದಲ ದಿನ ನಾನು ಒಡೆದ ಭಾಂಡ್‌ಗಳಿಂದ ಒಂದು ಗುಡಿಸಲಿಗೆ ಹಂಚು ಹೊದಿಸಬಹುದಿತ್ತು.

ಅವರ ಪಾಠದಲ್ಲಿ ಮಾತು ಕಡಿಮೆ. ಕ್ಲಚ್ಚಿನ ಮೇಲೆ ಎರಡೇ ಬೆರಳು. ಅರ್ಧ ಹಿಡಿದು, ಅರ್ಧ ಬಿಟ್ಟು, ಎಂಜಿನ್ನು ಎಳೆಯಲೋ ಬೇಡವೋ ಎನ್ನುವ ಜಾಗದಲ್ಲಿ ಅದನ್ನು ನಿಲ್ಲಿಸಿಕೊಳ್ಳಬೇಕು. ಬಲಗೈ ಅಲುಗಬಾರದು. ಹಿಂದಿನ ಬ್ರೇಕಿನ ಮೇಲೆ ಕಾಲು ಸುಮ್ಮನೆ ಇರಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕು ಹಿಡಿದರೆ ಬಿದ್ದಂತೆಯೇ. ಗಾಡಿ ಒಂದು ಕಡೆ ವಾಲಿದರೆ ನೀನು ಇನ್ನೊಂದು ಕಡೆ ಕೂರು. ಎಲ್ಲಕ್ಕಿಂತ ಮುಖ್ಯ, ತಲೆ ತಿರುಗಿಸು. ಹೋಗಬೇಕಾದ ಕಡೆಗೆ, ಭುಜದ ಮೇಲಿಂದ, ದೂರಕ್ಕೆ ನೋಡು.

"ಜೋರ್ ಹೋಗೂದನ್ನ ಗಾಡೀನ ಕಲಸ್ತೈತಿ. ಸಾವಕಾಶ ಹೋಗೂದನ್ನ ನೀನ ಕಲೀಬೇಕು. ಜೋರ್ ಹೋಗೋವಾಗ ಗಾಡಿ ನಿನ್ನ ಹಿಡದಿರ್ತೈತಿ. ಸಾವಕಾಶ ಹೋಗೋವಾಗ ನೀ ಅದನ್ನ ಹಿಡೀಬೇಕು."

ಕಲಿಸುವ ಮೊದಲು ತಮ್ಮ ಬುಲೆಟ್ಟಿನ ಮೇಲೆ ಒಂದು ಸುತ್ತು ತೋರಿಸುವರು. ಪೆಟ್ರೋಲ್ ಟ್ಯಾಂಕನ್ನು ದನದ ಬೆನ್ನು ತಟ್ಟುವ ಹಾಗೆ ತಟ್ಟಿ ಹತ್ತುವರು. ಅಷ್ಟು ಭಾರದ ಗಾಡಿ ಅವರ ಕೆಳಗೆ ನೀರಿನಲ್ಲಿ ತೇಲುವ ಹಾಗೆ ತಿರುಗುತ್ತಿತ್ತು. ಎಂಜಿನ್ನಿನ ಒಂದೊಂದು ಬಡಿತವನ್ನೂ ಬಿಡಿಸಿ ಕೇಳಬಹುದಿತ್ತು. ಮುಗಿದ ಮೇಲೆ ನನ್ನ ಅಡುಗೆಮನೆಯ ಇಡ್ಲಿ ತಿನ್ನಲು ಕೂರುವರು. ಅಂಗಿಯ ಜೇಬಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಹೊರಬರುತ್ತಿತ್ತು.

"ಲೇ ಶೆಟ್ಟಿ, ಇದೇನ್ ಸಾಂಬಾರೋ ಪಾಯಸೋ? ಬೆಲ್ಲದ ಅಂಗಡಿ ಐತೇನು ನಿಮ್ಮ ಮಾವಂದು?"

"ನೀವು ಖಾರ ತಿಂದು ತಿಂದು ನಾಲಗೆ ಸತ್ತಿದೆ ಸಾಹೇಬ್ರೆ, ನಾನೆಂತ ಮಾಡ್ಲಿ?"

ಹೀಗೆ ಬೈದುಕೊಂಡು ತಿನ್ನುವುದು. ಎಷ್ಟು ಬೈದರೂ ಸಾಂಬಾರನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು.

ನಾನು ಕಲಿತೆ ಎಂದು ನನಗೇ ಗೊತ್ತಾದದ್ದು ಆ ವರ್ಷದ ದುರ್ಗಾಪೂಜೆಯಲ್ಲಿ. ಕಸ್ಬಾದ ನಮ್ಮ ಗಲ್ಲಿಯ ಬಾಯಿಗೇ ಪೂಜೆಯ ಪೆಂಡಾಲು ಹಾಕಿದ್ದರು. ಎರಡೂ ಕಡೆ ಬಿದಿರು, ನಡುವೆ ಹೊಸ ಬಟ್ಟೆ ತೊಟ್ಟ ಜನ. ತುಂಬಿದ ಡಬ್ಬಿ ಹೇರಿಕೊಂಡು ಆ ಜನದ ಹಿಂದೆ, ಅವರದೇ ನಡಿಗೆಯಲ್ಲಿ, ಹಾರ್ನ್ ಹೊಡೆಯದೆ, ಕಾಲು ಊರದೆ ಆಚೆ ದಾಟಿದೆ. ಒಬ್ಬಳು ಮುದುಕಿ ತಿರುಗಿ ನೋಡಿ, ಗಾಡಿ ಇಷ್ಟು ಹೊತ್ತು ತನ್ನ ಹಿಂದೆಯೇ ಇತ್ತೇ ಎಂದು ಬೆಚ್ಚಿದಳು. ಇದನ್ನು ಹೇಳಿದಾಗ ಸಾಹೇಬರು ಚಟ್ನಿಪುಡಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಅದನ್ನು ಅವರು ಯಾರಿಗೂ ಕೊಡುವವರಲ್ಲ.

ಅವರ ಕಣ್ಣಿನ ಸಂಗತಿ ನನಗೆ ತಡವಾಗಿ ತಿಳಿಯಿತು. ಒಂದು ಭಾನುವಾರ ಅಂಚಿನ ಭಾಂಡ್ ಒಂದನ್ನು ಒಡೆದರು. ಅವರಿಂದ ಒಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಗಾಳಿ" ಎಂದರು. ಭಾಂಡ್ ಹಾರುವಂಥ ಗಾಳಿ ಅಂದು ಇರಲಿಲ್ಲ. ಕೆಲವು ವಾರಗಳಲ್ಲಿ ಆಫೀಸಿನ ಕೆಲಸವನ್ನೂ ಬಿಟ್ಟರು. ಒಂದು ದಿನ ಅವರ ಹೆಂಡತಿಯೂ ಮೈದಾನಕ್ಕೆ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಡಿಸುವ ಕುರ್ಚಿ, ಚಹಾದ ಥರ್ಮಾಸು, ಇಳಕಲ್ ಸೀರೆ. ಕುರ್ಚಿ ಬಿಡಿಸಿ ಕೂತು ನನ್ನನ್ನು ಕರೆದರು.

"ತಮ್ಮಾ, ಇವರು ಹೇಳೂದಿಲ್ಲ, ನಾ ಹೇಳ್ತೀನಿ ಕೇಳು. ಕಣ್ಣು ಹೊಂಟಾವ. ಮಗ್ಗಲದ್ದೇನೂ ಕಾಣೂದಿಲ್ಲ. ಕೊಳವಿಯಾಗಿಂದ ನೋಡಿದಂಗ ನಟ್ಟನಡುವ ಅಷ್ಟು ಕಾಣ್ತೈತಿ. ಗಾಡಿ ಮುಟ್ಟಬ್ಯಾಡ್ರಿ ಅಂದಾರ ಡಾಕ್ಟರ್. ಇವರು, ಡಾಕ್ಟರ್ ಹೇಳಿದ್ದು ರಸ್ತಾದ ಮಾತು, ಮೈದಾನ ರಸ್ತಾ ಅಲ್ಲ ಅಂತಾರ."

"ಅಲ್ಲೇ ಅಲ್ಲ" ಎಂದರು ಸಾಹೇಬರು, ಗಾಡಿ ಒರೆಸುತ್ತಾ.

"ಅದಕ್ಕ ಒಂದು ಮಾತು ಆಗೇತಿ. ಎಂದು ಇವರ ಕಾಲು ನೆಲಕ್ಕ ತಾಗ್ತೈತೋ, ಅಂದು ಕೀಲಿಕೈ ನನ್ನ ಕೈಯಾಗ. ಗಾಡಿ ಮಾರೂದು, ನಮ್ಮಣ್ಣನ ಮನೀ ಬಾಜೂಕ ಧಾರವಾಡದಾಗ ಇರೂದು. ಅಲ್ಲೀತನಕಾ ನಾ ಬಾಯಿ ಬಿಡೂದಿಲ್ಲ."

"ಇಷ್ಟೊತ್ತು ಬಿಟ್ಟಿದ್ದು ಏನು ಮತ್ತ?" ಎಂದರು ಸಾಹೇಬರು.

ಅಂದಿನಿಂದ ನಮ್ಮ ಭಾನುವಾರಗಳು ಬೇರೆಯಾದವು. ರಸ್ತೆಯಲ್ಲಿ ನಾನು ಅವರ ಗಾಡಿ ಬಿಡುವುದು, ಅವರು ಹಿಂದೆ ಕೂರುವುದು, ಅಕ್ಕ ಆಟೋದಲ್ಲಿ ಬರುವುದು. ಮೈದಾನದಲ್ಲಿ ಗಾಡಿ ಅವರ ಕೈಗೆ. ಮೊದಲ ದಿನವೇ ಒಂದು ಕಷ್ಟ ಬಂತು. ತಿರುವಿನಲ್ಲಿ ಅವರು ತಲೆ ತಿರುಗಿಸುವುದೇನೋ ಸರಿ, ಆದರೆ ಆ ಸಣ್ಣ ಕೊಳವೆಯಲ್ಲಿ ನೋಡಬೇಕಾದ ಜಾಗ ಸಿಗುವಷ್ಟರಲ್ಲಿ ಗಾಡಿ ವಾಲುತ್ತಿತ್ತು. ನಿಲ್ಲಿಸಿ ಯೋಚನೆ ಮಾಡಿದರು.

"ಶೆಟ್ಟಿ, ನೀ ಆ ತಿರುವಿನಾಚೆ ನಿಂದ್ರು. ಮಾತಾಡ್ತಿರು. ನಿನ್ನ ದನಿ ಎಲ್ಲೈತೋ ಅಲ್ಲಿ ಮಾರಿ ತಿರವ್ತೀನಿ."

"ಎಂತ ಮಾತಾಡುದು?"

"ಏನರ ಮಾತಾಡಲೇ. ಇಡ್ಲಿ ಮಾರೋವಾಗ ಬಾಯಿ ಇರತೈತಿ, ಈಗೇನ್ ಬ್ಯಾನಿ?"

ನಾನು ನಿಂತು ಮರುದಿನದ ತಿಂಡಿಗಳ ಹೆಸರು ಹೇಳಿದೆ. ಇಡ್ಲಿ, ವಡೆ, ಅವಲಕ್ಕಿ, ಶಿರಾ. ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು. ಗಾಡಿ ಸಲೀಸಾಗಿ ಸುತ್ತಿಕೊಂಡು ಬಂತು. ಆಚೆಯ ಸುತ್ತಿಗೆ ಅಕ್ಕನ ಕುರ್ಚಿಯೇ ಗುರುತು. ಅಕ್ಕ ಸುಮ್ಮನಿರುವವರಲ್ಲವಾದ್ದರಿಂದ ಆ ಕಡೆ ತೊಂದರೆ ಇರಲಿಲ್ಲ.

ತಿಂಡಿಗಳ ಹೆಸರು ಬೇಗ ಮುಗಿದುಹೋಯಿತು. ಆಮೇಲೆ ಏನು ಹೇಳುವುದು? ಮಾವನ ಹೋಟೆಲಿನ ಸಂಗತಿ ಶುರುಮಾಡಿದೆ. ಹೌರಾದಲ್ಲಿ ಇಳಿದ ದಿನ ಸೇತುವೆ ನೋಡಿ, ಮೇಲಿನ ಆ ಕಬ್ಬಿಣದ ಕೆಳಗೆ ಹೋದರೆ ತಲೆಯ ಮೇಲೆ ಬೀಳುತ್ತದೆ ಎಂದು ನಾನು ಅತ್ತದ್ದು. ಅಮ್ಮ ಕಟ್ಟಿಕೊಟ್ಟ ಹಪ್ಪಳವನ್ನು ತಿನ್ನಲು ಮನಸ್ಸಾಗದೆ ಇಟ್ಟು, ಕೊನೆಗೆ ಅದಕ್ಕೆ ಹುಳ ಬಿದ್ದದ್ದು. ಇವನ್ನು ನಾನು ಯಾರಿಗೂ ಹೇಳಿದವನಲ್ಲ, ಮನೆಯವಳಿಗೂ ಹೇಳಿದ್ದಿಲ್ಲ. ಎದುರು ಕೂತು ಕೇಳಿದ್ದರೆ ಸಾಹೇಬರಿಗೂ ಹೇಳುತ್ತಿರಲಿಲ್ಲ. ಗಾಡಿ ಹತ್ತಿರ ಬಂದಾಗ ಅವರಿಗೆ ಒಂದು ತುಂಡು ಕೇಳುವುದು, ಆಚೆ ಹೋದಾಗ ಎಂಜಿನ್ನಿನ ಸದ್ದಿನಲ್ಲಿ ಒಂದು ತುಂಡು ಕಳೆದುಹೋಗುವುದು. ಮತ್ತೆ ನನ್ನ ಹತ್ತಿರ ಬರುವಾಗ ಅಲ್ಲಿಂದಲೇ ಕೂಗುವರು:

"ಮುಂದ ಏನಾತು?"

ನನ್ನ ಬದುಕಿನಲ್ಲಿ ಮುಂದೆ ಏನಾಯಿತು ಎಂದು ಕೇಳಿದವರು ಅವರೊಬ್ಬರೇ. ಉಳಿದವರಿಗೆಲ್ಲ ಬೇಕಾದದ್ದು ನಾಳೆಯ ತಿಂಡಿ ಎಷ್ಟು ಹೊತ್ತಿಗೆ ಎಂಬುದು.

ಪ್ರತಿ ಭಾನುವಾರವೂ ನನಗೆ ಒಂದೇ ಚಿಂತೆ. ಅವರ ಬೂಟು ಕಾಲುಕಡ್ಡಿಯ ಮೇಲಿದೆಯೇ ಎಂದೇ ನೋಡುತ್ತಿದ್ದೆ. ಕಾಲು ಇಳಿದರೆ ಗಾಡಿ ಹೋಗುತ್ತದೆ. ಗಾಡಿಯ ಹಿಂದೆ ಅವರೂ ಹೋಗುತ್ತಾರೆ. ಅವರಿಗೆ ಇಲ್ಲಿ ಇನ್ನೇನೂ ಇರಲಿಲ್ಲ. ಪಿಂಚಣಿ ಎಲ್ಲಿದ್ದರೂ ಬರುತ್ತದೆ. ಅವರನ್ನು ಈ ಊರಿನಲ್ಲಿ ಹಿಡಿದಿಟ್ಟಿದ್ದದ್ದು ಭಾಂಡ್ ಜೋಡಿಸಿದ ಆ ಎಂಟರ ಅಂಕಿ ಮಾತ್ರ.

ಚಳಿಗಾಲ ಬಂತು. ಆ ಭಾನುವಾರ ಮಂಜು ಆಗತಾನೇ ಕರಗಿತ್ತು. ನಾನು ತಿರುವಿನಲ್ಲಿ ನಿಂತು, ಶಾಲೆ ಬಿಟ್ಟ ದಿನ ಮಾಸ್ತರು ನಮ್ಮ ಮನೆಯವರೆಗೆ ಬಂದ ಸಂಗತಿ ಹೇಳುತ್ತಿದ್ದೆ. ಮಾಸ್ತರು ಜಗಲಿಯಲ್ಲಿ ಕೂತಿದ್ದಾರೆ, ನಾನು ಹಿತ್ತಲಿನ ಹುಲ್ಲಿನ ರಾಶಿಯ ಹಿಂದೆ ಅಡಗಿದ್ದೇನೆ, ಅಮ್ಮ ಹೊರಗೆ ಬರುತ್ತಿದ್ದಾಳೆ. ಅಷ್ಟರಲ್ಲಿ ಪಕ್ಕದ ಜಾಗದಲ್ಲಿ ಕಬ್ಬಿಣದ ಕಂಬ ಬಡಿಯುವ ದೊಡ್ಡ ಯಂತ್ರ ಶುರುವಾಯಿತು. ಭಾನುವಾರ ಕೆಲಸ ಇರುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು, ಕಟ್ಟುವವರಿಗೆ ಅವಸರವಿತ್ತೇನೋ. ಧಡ್, ಧಡ್. ಕಾಲಡಿಯ ನೆಲವೇ ಅಲುಗುತ್ತಿತ್ತು. ನಾನು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಸಾಹೇಬರು ತಲೆಯನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ದನಿ ಸಿಗಲಿಲ್ಲ. ಗಾಡಿ ವಾಲಿತು. ಎಡಗಾಲು ನೆಲಕ್ಕೆ ಇಳಿಯಿತು.

ಆ ಕಡೆಯಿಂದ ಅಕ್ಕನಿಗೆ ಅದು ಕಾಣುವಂತಿರಲಿಲ್ಲ, ಗಾಡಿಯೇ ಅಡ್ಡವಿತ್ತು. ಸಾಹೇಬರು ಅಲ್ಲೇ ಒಂದು ಕ್ಷಣ ನಿಂತರು. ಆಮೇಲೆ ನೇರವಾಗಿ ಕುರ್ಚಿಯ ಕಡೆ ಬಿಟ್ಟು, ಎಂಜಿನ್ನು ನಿಲ್ಲಿಸಿ, ಕೀಲಿಕೈ ತೆಗೆದು ಚಾಚಿದರು. ನಾನು ಹಿಂದೆಯೇ ಓಡಿದೆ.

"ಮುಟ್ತು" ಎಂದರು.

"ಆ ಯಂತ್ರದ ಶಬ್ದ ಅಕ್ಕ, ನನ್ನ ಸ್ವರ ಕೇಳಲಿಲ್ಲ ಅವರಿಗೆ. ಇದನ್ನು ಲೆಕ್ಕಕ್ಕೆ ಹಿಡಿಬಾರದು ನೀವು" ಎಂದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ಕೀಲಿಕೈಯನ್ನೂ ತೆಗೆದುಕೊಳ್ಳಲಿಲ್ಲ. "ಇವತ್ತೇನು ಹೊಸಾದು?" ಎಂದರು. "ದೀಪಾವಳಿ ಮುಂದ ಒಂದ್ ಸರೆ ಊರಿದ್ರಿ."

ಸಾಹೇಬರ ಮುಖ ಕೆಂಪಾಯಿತು. "ನೋಡಿದ್ದ್ಯಾ?"

"ಚಾ ಬಗ್ಗಸಾಕತ್ತಿದ್ದೆ. ನೋಡಿದೆ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ಲ?"

ಯಂತ್ರ ಮಾತ್ರ ಬಡಿಯುತ್ತಿತ್ತು. ಆಮೇಲೆ ಸಾಹೇಬರಿಗೆ ನಗು ಬಂತು, ಹೊಟ್ಟೆಯಿಂದ ಬಂದ ನಗು. ಅಕ್ಕ ನಗಲಿಲ್ಲ. ಎದ್ದು ಸೆರಗು ಸೊಂಟಕ್ಕೆ ಸಿಗಿಸಿ, "ಇಷ್ಟ್ ವರ್ಷ ಆತು, ಈ ಎಂಟರಾಗ ನನ್ನೊಮ್ಮೆ ಕುಂದ್ರಸಿಲ್ಲ ನೀವು. ಹತ್ರಿ ಗಾಡಿ" ಎಂದರು.

"ಏ ಹುಚ್ಚೀ, ಇಬ್ಬರ ಭಾರಕ್ಕ..."

"ಹತ್ರಿ ಅಂದ್ನಿ."

ಅಕ್ಕ ಹಿಂದೆ ಕೂತರು. ನಾನು ತಿರುವಿಗೆ ಹೋಗಲಿಲ್ಲ; ನನ್ನ ದನಿ ಬೇಕಿರಲಿಲ್ಲ. ಅವರ ಕಿವಿಗೇ ಬಾಯಿ ಹಚ್ಚಿ ಅಕ್ಕ ದಾರಿ ಹೇಳತೊಡಗಿದರು. "ಎಡಕ್ಕ, ಎಡಕ್ಕ ಅಂದ್ನಿ! ನಿಮ್ಮ ಎಡ ಯಾವುದ್ರೀ? ಹಾಂ, ಹಂಗ. ಈಗ ಬಲಕ್ಕ. ಸಾವಕಾಶ. ನನ್ನ ಸೀರಿ!" ಚಟ್ ಎಂದು ಒಂದು ಭಾಂಡ್ ಹೋಯಿತು, ಮತ್ತೊಂದು ಹೋಯಿತು. ಗಾಡಿ ಕುಡಿದವನ ಹಾಗೆ ವಾಲಾಡುತ್ತ ದೊಡ್ಡದೊಂದು ಎಂಟು ಬರೆಯಿತು. ಅಷ್ಟು ಕೆಟ್ಟದಾಗಿ ಸಾಹೇಬರು ಗಾಡಿ ಬಿಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಷ್ಟು ಸಂತೋಷದಿಂದ ಬಿಟ್ಟದ್ದನ್ನೂ ನೋಡಿರಲಿಲ್ಲ.

ಇಳಿದ ಮೇಲೆ ಅಕ್ಕ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ವಾಪಸು ಬರುವಾಗ ಅದನ್ನು ಬಿಚ್ಚಿಸಿಕೊಂಡು ಗಾಡಿ ಬಿಟ್ಟವನು ನಾನು. ಹಿಂದೆ ಕೂತ ಸಾಹೇಬರು ಮನೆಯ ಹತ್ತಿರ ಇಳಿದು, ಟ್ಯಾಂಕನ್ನು ಒಮ್ಮೆ ತಟ್ಟಿ ಒಳಗೆ ಹೋದರು.

ಗಾಡಿಯನ್ನು ನಾನು ತೆಗೆದುಕೊಳ್ಳಬೇಕು ಎಂದು ಆಸೆ ಇತ್ತು. ಕೇಳಲಿಲ್ಲ. ಅವರೇ ಹೇಳಿದರು: "ನಿನಗ ಕೊಡಂಗಿಲ್ಲಪಾ. ಮಾರಿದ್ದು ಮರತ ಹೋಗಬೇಕು. ನಿನ್ನ ಹತ್ರ ಇದ್ರ ದಿನಾ ಕೇಳಬೇಕಾಗ್ತೈತಿ, ಎಣ್ಣಿ ಹಾಕಿಯೇನು, ಒರಸೀಯೇನು ಅಂತ." ಯಾರೋ ಗುರುತಿಲ್ಲದವರು ಬಂದು ಒಯ್ದರು. ಹೌರಾದಲ್ಲಿ ಅವರಿಬ್ಬರನ್ನು ರೈಲು ಹತ್ತಿಸುವಾಗ ಬುತ್ತಿಯ ಜೊತೆ ಸಾಂಬಾರಿನ ಡಬ್ಬಿಯನ್ನೂ ಕೊಟ್ಟೆ. ಕಂಠದವರೆಗೂ ತುಂಬಿಸಿದ್ದೆ.

ಧಾರವಾಡಕ್ಕೆ ಹೋದ ಮೇಲೆ ಕೆಲವು ಭಾನುವಾರ ಫೋನು ಮಾಡುತ್ತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಫೋನು ಎತ್ತಿದ ಕೂಡಲೇ, ಆರೋಗ್ಯ ಗೀರೋಗ್ಯ ಏನೂ ಕೇಳದೆ, "ಮಾಸ್ತರು ಜಗಲಿಯಾಗ ಕುಂತಿದ್ರಲಾ, ಮುಂದ ಏನಾತು?" ಎನ್ನುತ್ತಿದ್ದರು. ನಾನು, "ಫೋನಿನಲ್ಲಿ ಹೇಳುವಂಥದ್ದಲ್ಲ ಸಾಹೇಬ್ರೆ, ಬಂದು ಹೇಳ್ತೇನೆ" ಎನ್ನುತ್ತಿದ್ದೆ. ಅಡುಗೆಮನೆ ಬಿಟ್ಟು ಹೋಗುವುದು ಯಾವಾಗ? ಹಬ್ಬ ಬಂತು, ಹೊಸ ಆಫೀಸು ಬಂತು, ಮಗಳ ಮದುವೆ ಬಂತು. ಮಾತು ಉಳಿದೇ ಹೋಯಿತು.

ಹೋದ ತಿಂಗಳು ಫೋನು ಮಾಡಿದವರು ಅಕ್ಕ. "ನಿದ್ದಿಯಾಗ ಹೋದ್ರು, ತಮ್ಮಾ" ಎಂದರು. ಆಮೇಲೆ, "ನೀನರ ಏನರ ಮಾತಾಡು" ಎಂದರು. ನನಗೆ ಒಂದು ಮಾತೂ ಬರಲಿಲ್ಲ.

ನಮ್ಮ ಆ ಖಾಲಿ ಜಾಗದ ಮೇಲೆ ಈಗ ಹದಿನಾಲ್ಕು ಮಹಡಿ ಇದೆ. ಅಲ್ಲಿಗೂ ನಮ್ಮದೇ ತಿಂಡಿ. ಗಾಡಿ ನಿಲ್ಲಿಸುವುದಕ್ಕೆ ನೆಲದ ಕೆಳಗೆ ಜಾಗ ಮಾಡಿದ್ದಾರೆ, ಸುತ್ತಿ ಸುತ್ತಿ ಇಳಿಯಬೇಕು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕಸ್ಬಾದಲ್ಲಿ ಸ್ವಂತ ಅಡುಗೆಮನೆ ಒಂದು. ವ್ಯಾನು ಎರಡು. ಕೆಲಸದವರು ಒಂಬತ್ತು ಜನ. ಮದುವೆಯಾದ ಮಗಳು ಒಬ್ಬಳು, ಕಾಲೇಜು ಮುಗಿಸಿದ ಮಗ ಒಬ್ಬ. ವಾರಕ್ಕೆ ಒಂದು ಭಾನುವಾರ.